ತೋಳದ ಹೊಟ್ಟೆಗೆ ಕಲ್ಲು ತುಂಬಿದ ಕಥೆ

ಹತ್ತು ಚಿತ್ರ ತೆಗೆಯುವಷ್ಟರಲ್ಲಿ ತೋಳ ಮಂಡಿಯೂರಿತ್ತು. ನಾನು ಮಂಡಿಯೂರಿಸಿರಲಿಲ್ಲ, ಅದಾಗಿಯೇ ಕುಸಿದಿತ್ತು.

ಮಾಡಲು ಹೊರಟಿದ್ದು ಕೆಂಪು ಟೋಪಿ ಹುಡುಗಿಯ ಕಥೆ. ಸ್ಟಾಪ್ ಮೋಷನ್‌ನಲ್ಲಿ, ಅಂದರೆ ಗೊಂಬೆಯನ್ನು ಚೂರುಚೂರೇ ಸರಿಸುತ್ತಾ ಒಂದೊಂದೇ ಚಿತ್ರ ತೆಗೆದು, ಎಲ್ಲವನ್ನೂ ಸಾಲಾಗಿ ಓಡಿಸುವ ಸಿನಿಮಾ. ಊಟದ ಮೇಜಿನ ಮೇಲೆ, ಫೋನ್ ಕ್ಯಾಮೆರಾದಿಂದ. 1697ರಲ್ಲಿ ಫ್ರಾನ್ಸಿನ ಷಾರ್ಲ್ ಪೆರೋ ಅಚ್ಚು ಹಾಕಿಸಿದ ಕಥೆಯಲ್ಲಿ ತೋಳ ಹುಡುಗಿಯನ್ನು ತಿಂದುಬಿಡುತ್ತದೆ, ಅಲ್ಲಿಗೆ ಮುಗಿಯಿತು. 1812ರ ಗ್ರಿಮ್ ಸೋದರರ ಪುಸ್ತಕದಲ್ಲಿ ಹಾಗಲ್ಲ. ಬೇಟೆಗಾರ ಹೊಟ್ಟೆ ಸೀಳಿ ಅಜ್ಜಿಯನ್ನೂ ಮೊಮ್ಮಗಳನ್ನೂ ಹೊರಗೆ ತೆಗೆಯುತ್ತಾನೆ, ಆ ಜಾಗಕ್ಕೆ ದೊಡ್ಡ ಕಲ್ಲುಗಳನ್ನು ತುಂಬುತ್ತಾರೆ. ಎದ್ದು ಓಡಲು ಹೋದ ತೋಳ ಭಾರಕ್ಕೆ ಬಿದ್ದು ಸಾಯುತ್ತದೆ. ಆ ಕಲ್ಲಿನ ಆಸೆಗೇ ನಾನು ಗ್ರಿಮ್ ಕಥೆ ಹಿಡಿದಿದ್ದು.

ತೋಳದ ಎಲುಬು ಅಲ್ಯೂಮಿನಿಯಂ ತಂತಿ, ಮೈ ಸ್ಪಂಜು, ಚರ್ಮ ಹಳೇ ಕಂಬಳಿ ತುಂಡು. ಸೆಕೆಂಡಿಗೆ 12 ಚಿತ್ರದ ಲೆಕ್ಕ. ಒಂದೂವರೆ ನಿಮಿಷಕ್ಕೆ 1080 ಚಿತ್ರ. ಮೊದಲ ದಿನ ಕಿಟಕಿ ಬೆಳಕನ್ನು ನಂಬಿ ಕೆಟ್ಟೆ. ಮೋಡ ಬಂದು ಹೋದಾಗಲೆಲ್ಲ ಕಾಡು ಕಣ್ಣು ಮಿಟುಕಿಸುತ್ತಿತ್ತು. ಆಮೇಲೆ ಕಿಟಕಿಗೆ ಕಪ್ಪು ಬೆಡ್‌ಶೀಟ್, ಎರಡು ಟೇಬಲ್ ಲ್ಯಾಂಪ್, ಫೋನಿನ ಎಕ್ಸ್‌ಪೋಷರ್ (ಬೆಳಕಿನ ಅಳತೆ) ಮತ್ತು ಫೋಕಸ್ ಲಾಕ್. ಬಿಳಿ ಅಂಗಿ ಹಾಕಿ ಕೂತರೂ ಅದರ ಬೆಳಕು ಸೆಟ್ ಮೇಲೆ ಬೀಳುತ್ತದೆ, ಹಾಗಾಗಿ ಎರಡು ವಾರ ಒಂದೇ ಕಪ್ಪು ಟೀಶರ್ಟು. ಮನೆಯವರು ಏನೂ ಅನ್ನಲಿಲ್ಲ, ಪಾಪ.

ಸರಿ, ಕಲ್ಲಿಗೆ ಬರೋಣ. ಭಾರ ಕಾಣಬೇಕಾದರೆ ಭಾರ ಇರಬೇಕು, ಅಲ್ವಾ? ಹಾಗಂದುಕೊಂಡು ಹೊಟ್ಟೆಗೆ ಹಿಡಿ ತುಂಬ ಕಬ್ಬಿಣದ ನಟ್ಟು ತುಂಬಿ ಹೊಲಿದೆ. ತಂತಿ ಕಾಲಿಗೆ ಅಷ್ಟು ತಾಕತ್ತೆಲ್ಲಿ? ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಸುಮ್ನೆ ಇಳಿಯುತ್ತಾ ಹೋಯಿತು. ಚಿತ್ರಗಳನ್ನು ಓಡಿಸಿ ನೋಡಿದರೆ ಭಾರವೇನೂ ಕಾಣಲಿಲ್ಲ, ತೋಳ ಕರಗುತ್ತಿರುವ ಹಾಗಿತ್ತು.

ಹೊಲಿಗೆ ಬಿಚ್ಚಿ ನಟ್ಟು ತೆಗೆದು ಹತ್ತಿ ತುಂಬಿದೆ. ಆಮೇಲೆ ಗ್ಯಾಸ್ ಸಿಲಿಂಡರನ್ನು ನಾನೇ ನಾಲ್ಕು ಹೆಜ್ಜೆ ಹೊತ್ತು ನೋಡಿದೆ. ಭಾರ ಇದ್ದಾಗ ಕಾಲು ತಕ್ಷಣ ಏಳುವುದಿಲ್ಲ. ಮೊದಲು ಮೈ ಇನ್ನೊಂದು ಕಾಲಿನ ಮೇಲೆ ವಾಲುತ್ತದೆ. ಎತ್ತಿದ ಕಾಲು ಮಾತ್ರ ಬೇಗ ನೆಲಕ್ಕೆ ಬೀಳುತ್ತದೆ, ಹೆಚ್ಚು ಹೊತ್ತು ಗಾಳಿಯಲ್ಲಿ ಇರಲು ಆಗಲ್ಲ. ಅದನ್ನೇ ತೋಳಕ್ಕೆ ಕಲಿಸಿದೆ. ಮೊದಲು ಹೆಜ್ಜೆಗೆ 6 ಚಿತ್ರ ಇತ್ತು, ಈಗ 11. ವಾಲುವುದಕ್ಕೆ 6, ಎತ್ತಿ ಇಡುವುದಕ್ಕೆ 2, ಮಿಕ್ಕ 3ರಲ್ಲಿ ಮೈ ಎರಡು ಮಿಲಿಮೀಟರ್ ಕುಗ್ಗಿ ನಿಧಾನ ಮೇಲೇಳುವುದು. ಹೊಟ್ಟೆಯನ್ನು ಮಾತ್ರ ಮೈಗಿಂತ ಒಂದು ಚಿತ್ರ ತಡವಾಗಿ ಅಲ್ಲಾಡಿಸಿದೆ. ಮೈ ನಿಂತ ಮೇಲೂ ಹೊಟ್ಟೆ ಮುಂದಕ್ಕೆ ತೂಗುತ್ತದೆ. ಹತ್ತಿ ಕಲ್ಲಾಗಿದ್ದು ಆ ಒಂದು ಚಿತ್ರದಲ್ಲೇ.

ಕಂಬಳಿಯ ಕೂದಲು ನನ್ನ ಬೆರಳು ತಾಗಿದಲ್ಲೆಲ್ಲ ನಡುಗುತ್ತದೆ. ಅದನ್ನು ಸರಿಮಾಡಲು ಹೋಗಲಿಲ್ಲ. ಉಸಿರಾಡುವ ಹಾಗೆ ಕಾಣುತ್ತದೆ, ಇರಲಿ ಬಿಡಿ.

ಬೀಳುವ ದೃಶ್ಯ ಕೊನೆಗೆ ಇಟ್ಟುಕೊಂಡಿದ್ದೆ. ಮೂರೇ ಚಿತ್ರ, ಆಮೇಲೆ ಧೂಳಿಗೆ ಚೂರು ಹತ್ತಿ. ಎರಡನೇ ಚಿತ್ರಕ್ಕೆ ಬಾಗಿಸುವಾಗ ಹಿಂಗಾಲಿನ ತಂತಿ ಟಕ್ಕನೆ ತುಂಡಾಯಿತು. ಅಷ್ಟು ಸಲ ಮಡಚಿದರೆ ಅಲ್ಯೂಮಿನಿಯಂ ಇನ್ನೇನು ಮಾಡೀತು. ತೋಳ ಪಕ್ಕಕ್ಕೆ ತಿರುಚಿ ಮಗುಚಿಕೊಂಡಿತು. ರಾತ್ರಿ ಎರಡು ಗಂಟೆ. ಹೇಗೂ ಬೀಳಲೇಬೇಕಿತ್ತಲ್ಲ, ಹಾಗೇ ಕ್ಲಿಕ್ ಮಾಡಿದೆ.