ಐದನೇ ದಿನ ಹಾಕಿದ ಸಿಎಸ್‌ಎಫ್-2: ನನ್ನ ಅನುಭವ

ಲ್ಯಾಬ್‌ನಲ್ಲಿ ಹಸುವಿನ ಭ್ರೂಣ ಬೆಳೆಸಲು ಎಸ್‌ಒಎಫ್ ಮೀಡಿಯಾ (ಭ್ರೂಣ ಬೆಳೆಸುವ ದ್ರವ) ಸರಿಯಿದ್ದರೆ ಸಾಕು, ಗ್ರೋತ್ ಫ್ಯಾಕ್ಟರ್ (ಬೆಳವಣಿಗೆಗೆ ಪ್ರಚೋದಿಸುವ ಪ್ರೋಟೀನ್) ಹಾಕುವುದು ದುಡ್ಡು ದಂಡ ಎಂದವರೇ ಹೆಚ್ಚು. ಮೊದಲ ಏಳೆಂಟು ಬ್ಯಾಚ್‌ಗಳಲ್ಲಿ ಅವರ ಮಾತೇ ನಿಜವಾಯಿತು. ಸಿಎಸ್‌ಎಫ್-2 ಎಂಬ ಗ್ರೋತ್ ಫ್ಯಾಕ್ಟರ್ ಹಾಕಿದ ಮೇಲೆ ಈಗ ನಮ್ಮ ಒಪಿಯು (ಜೀವಂತ ಹಸುವಿನ ಅಂಡಾಶಯದಿಂದ ಸೂಜಿಯಲ್ಲಿ ತೆಗೆದ) ಅಂಡಾಣುಗಳಲ್ಲಿ ಫಲೀಕರಣದ ಏಳನೇ ದಿನ ನೂರಕ್ಕೆ 24–25 ಸಿಗುತ್ತಿದ್ದ ಬ್ಲಾಸ್ಟೊಸಿಸ್ಟ್ (ವರ್ಗಾವಣೆಯ ಹಂತಕ್ಕೆ ಬೆಳೆದ ಭ್ರೂಣ) 32ರ ಆಸುಪಾಸಿಗೆ ಏರಿದೆ. ಇನ್‌ಕ್ಯುಬೇಟರ್ ಅದೇ, 5% ಆಮ್ಲಜನಕವೂ ಅದೇ.

ಮೊದಲು ಕೆಟ್ಟದ್ದು ಎಲ್ಲೆಂದರೆ, ಮೊದಲ ದಿನದಿಂದಲೇ ಸೀರಮ್ (ರಕ್ತದ ತಿಳಿಭಾಗ) ಇದ್ದ ಮೀಡಿಯಾಕ್ಕೆ ಐಜಿಎಫ್-1 ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರ್ ಸುರಿಯುತ್ತಿದ್ದೆ. ಸೀರಮ್‌ನಲ್ಲೇ ಐಜಿಎಫ್ ಇದೆ, ಅದನ್ನು ಕಟ್ಟಿಹಾಕುವ ಪ್ರೋಟೀನ್‌ಗಳೂ ಇವೆ. ನಾವು ಹಾಕಿದ್ದು ಎಷ್ಟು ಕೆಲಸ ಮಾಡಿತೆಂದು ತಿಳಿಯುವುದೇ ಇಲ್ಲ. ಸೀರಮ್ ಬಿಟ್ಟು ಬಿಎಸ್‌ಎ (ಹಸುವಿನ ರಕ್ತದ ಶುದ್ಧ ಆಲ್ಬುಮಿನ್ ಪ್ರೋಟೀನ್) ಹಿಡಿದೆ. ಆಗಲೂ ವ್ಯತ್ಯಾಸವಿಲ್ಲ. ಈ ಸಲ ಅಡ್ಡ ಬಂದದ್ದು ಮೀಡಿಯಾಕ್ಕೆ ಸೇರಿಸುವ ಐಟಿಎಸ್ (ಇನ್ಸುಲಿನ್, ಟ್ರಾನ್ಸ್‌ಫೆರಿನ್, ಸೆಲೆನಿಯಂ ಮಿಶ್ರಣ): ಮಿಲಿಗೆ 5–10 ಮೈಕ್ರೋಗ್ರಾಂ ಇನ್ಸುಲಿನ್ ಇದ್ದರೆ ಅದು ಐಜಿಎಫ್-1 ಬಂದು ಅಂಟಬೇಕಾದ ರಿಸೆಪ್ಟರನ್ನೇ ಹಿಡಿದು ಕೂರುತ್ತದೆ. ಇದನ್ನು ಕಂಡುಕೊಳ್ಳಲು ಮೂರು ತಿಂಗಳು, ಒಂದು ಇಡೀ ವಯಲ್ ಹೋಯಿತು.

ಆಮೇಲೆ ಹಸುವಿನದೇ ಸಿಎಸ್‌ಎಫ್-2ಗೆ ಬಂದೆ. 10 ಮೈಕ್ರೋಗ್ರಾಂ ವಯಲನ್ನು 0.1% ಬಿಎಸ್‌ಎ ಸೇರಿಸಿದ 1 ಮಿಲಿ ಪಿಬಿಎಸ್ ಉಪ್ಪುದ್ರಾವಣದಲ್ಲಿ ಕರಗಿಸಿ, ಪ್ರೋಟೀನ್ ಕಡಿಮೆ ಅಂಟುವ ಲೋ-ಬೈಂಡ್ ಟ್ಯೂಬ್‌ಗಳಲ್ಲಿ 5 ಮೈಕ್ರೋಲೀಟರ್‌ನಂತೆ ಹಂಚಿ ಮೈನಸ್ 80ರಲ್ಲಿ ಇಡುತ್ತೇನೆ. ಬಿಎಸ್‌ಎ ಇಲ್ಲದಿದ್ದರೆ ಸಿಎಸ್‌ಎಫ್-2 ಸಾಕಷ್ಟು ಪ್ಲಾಸ್ಟಿಕ್‌ಗೇ ಅಂಟುತ್ತದೆ. ವೋರ್ಟೆಕ್ಸ್ (ಯಂತ್ರದಲ್ಲಿ ಜೋರಾಗಿ ಅಲುಗಿಸುವುದು) ಬೇಡ, ಬೆರಳಲ್ಲಿ ತಟ್ಟಿದರೆ ಸಾಕು. ತಾನಾಗಿ ಹಿಮ ಕರಗಿಸಿಕೊಳ್ಳುವ ಮೈನಸ್ 20 ಫ್ರೀಜರ್ ಖಂಡಿತ ಬೇಡ, ನನ್ನ ಎರಡನೇ ವಯಲ್ ಹಾಳಾದದ್ದು ಅಲ್ಲೇ.

ಐದನೇ ದಿನ ಒಂದು ಟ್ಯೂಬ್‌ಗೆ 495 ಮೈಕ್ರೋಲೀಟರ್ ಎಸ್‌ಒಎಫ್ ಸೇರಿಸಿದರೆ ಮಿಲಿಗೆ 100 ನ್ಯಾನೋಗ್ರಾಂ ಆಗುತ್ತದೆ. ಆ ಎಸ್‌ಒಎಫ್ ಹಿಂದಿನ ರಾತ್ರಿಯೇ ಇನ್‌ಕ್ಯುಬೇಟರ್‌ನಲ್ಲಿ ಗ್ಯಾಸ್ ಕುಡಿದಿರಬೇಕು. ಭ್ರೂಣಗಳಿರುವ 50 ಮೈಕ್ರೋಲೀಟರ್ ಡ್ರಾಪ್‌ನಿಂದ 5 ತೆಗೆದು ಈ ದ್ರಾವಣ 5 ಹಾಕಿದರೆ ಭ್ರೂಣಕ್ಕೆ ಸಿಗುವುದು ಮಿಲಿಗೆ 10 ನ್ಯಾನೋಗ್ರಾಂ. ಎಣ್ಣೆಯ ಕೆಳಗೆ ಪಿಪೆಟ್ ತುದಿ ಡ್ರಾಪ್‌ನ ಅಂಚಿನಲ್ಲಿರಲಿ, ಭ್ರೂಣಗಳು ಗುಂಪಾಗಿರುವ ಕಡೆ ಬೇಡ. ಒಂದು ಡಿಶ್ ಎರಡು ನಿಮಿಷಕ್ಕಿಂತ ಹೆಚ್ಚು ಹೊರಗಿದ್ದರೆ ಪಿಎಚ್ ಏರಿ, ಗಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. 

ವಯಲ್ ಬೆಲೆ ಕೇಳಿ ಹೆದರುವವರು ಲೆಕ್ಕ ಹಾಕಿ ನೋಡಿ: ಒಂದು ಡ್ರಾಪ್‌ಗೆ ಬೇಕಾದದ್ದು ಅರ್ಧ ನ್ಯಾನೋಗ್ರಾಂ. ಒಂದು ವಯಲ್‌ನಲ್ಲಿ 200 ಟ್ಯೂಬ್, ಬ್ಯಾಚ್‌ಗೆ ಒಂದು. ಅಷ್ಟು ಬ್ಯಾಚ್ ಮಾಡುವ ಮೊದಲೇ ಅವಧಿ ಮುಗಿಯುತ್ತದೆ. ನಷ್ಟವಾಗುವುದು ಅಲ್ಲೇ ಹೊರತು ಬಳಕೆಯಲ್ಲಲ್ಲ. ಇನ್ನೊಂದು ಲ್ಯಾಬ್ ಜೊತೆ ಹಂಚಿಕೊಂಡ ಮೇಲೆ ನಮ್ಮ ಖರ್ಚು ಅರ್ಧಕ್ಕಿಳಿಯಿತು.

ಐಜಿಎಫ್-1 ಅನ್ನು ಕೈಬಿಟ್ಟಿಲ್ಲ. ಮನುಷ್ಯನದೂ ಹಸುವಿನದೂ ಒಂದೇ ಅಣು, ಅಗ್ಗವಾಗಿ ಸಿಗುವುದನ್ನೇ ಕೊಳ್ಳಬಹುದು. ಐಟಿಎಸ್ ತೆಗೆದು ಮಿಲಿಗೆ 100 ನ್ಯಾನೋಗ್ರಾಂ ಹಾಕಿದ ಭ್ರೂಣಗಳನ್ನು ಬಿಸಿ ತಾಳುತ್ತವೆಯೇ ಎಂದು ಐದನೇ ದಿನ 41 ಡಿಗ್ರಿಯಲ್ಲಿ ಒಂಬತ್ತು ಗಂಟೆ ಇಟ್ಟು ನೋಡಿದೆ. ಹಾಕದವು ಕಪ್ಪಾಗಿ ಕುಗ್ಗಿದವು, ಹಾಕಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಂದೆ ಹೋದವು. ಅಮೆರಿಕದ ಫ್ಲೋರಿಡಾದಲ್ಲಿ ನಡೆದ ಪ್ರಯೋಗದಲ್ಲೂ ಇಂಥ ಭ್ರೂಣಗಳಿಂದ ಗರ್ಭ ಕಟ್ಟುವ ಪ್ರಮಾಣ ಹೆಚ್ಚಿದ್ದು ಸೆಕೆಗಾಲದಲ್ಲಿ, ಚಳಿಯಲ್ಲಲ್ಲ. ಹಾಗಾಗಿ ಮಾರ್ಚ್‌ನಿಂದ ಮೇವರೆಗಿನ ವರ್ಗಾವಣೆಗೆ ಕೆಲವು ಡ್ರಾಪ್‌ಗಳನ್ನು ಐಜಿಎಫ್-1ರಲ್ಲಿ ಬೆಳೆಸುತ್ತಿದ್ದೇನೆ.