ಹತ್ತು ನಿಮಿಷದಲ್ಲಿ ಶುಗರ್, ಬಿಪಿ ಎರಡನ್ನೂ ನೋಡುವುದು ಹೇಗೆ

ಅಮೆರಿಕದಲ್ಲಿ 2003ರಲ್ಲಿ ಒಂದು ಲೆಕ್ಕ ಹಾಕಿದ್ದರು: 2,500 ಜನರ ಹೊಣೆ ಹೊತ್ತ ಒಬ್ಬ ವೈದ್ಯರು ರೋಗ ತಡೆಯುವ ಸೇವೆಗಳನ್ನೆಲ್ಲ ನಿಯಮದಂತೆ ಕೊಟ್ಟರೆ ಅದಕ್ಕೇ ದಿನಕ್ಕೆ 7.4 ಗಂಟೆ ಹಿಡಿಯುತ್ತದೆ. 2022ರ ಲೆಕ್ಕದಲ್ಲಿ ಆ ಸೇವೆಗಳ ಜೊತೆ ಶುಗರ್, ಬಿಪಿಯಂಥ ಕಾಯಿಲೆ, ಜ್ವರ ಕೆಮ್ಮು, ಬರವಣಿಗೆ ಎಲ್ಲ ಸೇರಿ 26.7 ಗಂಟೆ. ಕೆಲಸವನ್ನು ತಂಡಕ್ಕೆ ಹಂಚಿದರೆ ವೈದ್ಯರ ಪಾಲು 9.3ಕ್ಕೆ ಇಳಿಯುತ್ತದೆ. ಬೇಗ ಬೇಗ ನೋಡಿ ಮುಗಿಸುವುದರಿಂದ ಈ ಲೆಕ್ಕ ಸರಿಹೋಗುವುದಿಲ್ಲ. ಹಾಗಾಗಿ ವೈದ್ಯರೇ ಮಾಡಬೇಕಿಲ್ಲದ ಕೆಲಸವನ್ನೆಲ್ಲ ನನ್ನ ಕೋಣೆಯಿಂದ ಆಚೆ ಹಾಕಿದೆ.

ಮೊದಲು ಬೇಕಾದದ್ದು ಪಟ್ಟಿ. ಶುಗರ್, ಬಿಪಿ ಇರುವ ಪ್ರತಿಯೊಬ್ಬರಿಗೂ ಒಂದು ಸಾಲು. ಎಚ್‌ಬಿಎ1ಸಿ (ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯಿಂದ ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ಪರೀಕ್ಷೆ), ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್, ಕಣ್ಣು, ಪಾದ ಕೊನೆಯ ಸಲ ಯಾವಾಗ ನೋಡಿದ್ದೆಂಬ ದಿನಾಂಕ. ರಕ್ತಪರೀಕ್ಷೆ ಭೇಟಿಗೆ ಒಂದು ವಾರ ಮೊದಲೇ ಆಗಬೇಕು. ನೋಡಿದ ಮೇಲೆ ಬರೆದುಕೊಟ್ಟರೆ ರಿಪೋರ್ಟ್ ಆಮೇಲೆ ಬರುತ್ತದೆ, ಮಾತ್ರೆ ಬದಲಿಸಲು ಫೋನ್ ಮಾಡಬೇಕಾಗುತ್ತದೆ, ಒಂದೇ ಕೆಲಸ ಎರಡು ಸಲ. ಎಚ್‌ಬಿಎ1ಸಿ ಹತೋಟಿಯಲ್ಲಿದ್ದರೆ ಆರು ತಿಂಗಳಿಗೊಮ್ಮೆ, ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ ಸಾಕು. ಕೆಂಪು ರಕ್ತಕಣದ ಆಯಸ್ಸೇ ಸುಮಾರು 120 ದಿನ, ಹಾಗಾಗಿ ತಿಂಗಳು ತಿಂಗಳು ಮಾಡಿಸುವುದು ದಂಡ. ರಕ್ತಹೀನತೆ ಇದ್ದವರಲ್ಲಂತೂ ಆ ಅಂಕಿಯನ್ನು ಕಣ್ಣುಮುಚ್ಚಿ ನಂಬಬಾರದು.

ಹೆಚ್ಚು ಎಡವಟ್ಟಾಗುವುದು ಬಿಪಿ ನೋಡುವಲ್ಲಿ. ನಡೆದು ಬಂದವರನ್ನು ಕೂರಿಸಿ, ಮಾತಾಡಿಸುತ್ತಲೇ ಶರ್ಟಿನ ತೋಳಿನ ಮೇಲೆ ಪಟ್ಟಿ ಸುತ್ತಿದರೆ ಬರುವ ಅಂಕಿಗೆ ಅರ್ಥವಿಲ್ಲ. ಕೈ ಜೋತುಬಿದ್ದಿದ್ದರೆ, ಮಾತು ನಡೆದಿದ್ದರೆ ಮೇಲಿನ ಅಂಕಿ ಹತ್ತರಷ್ಟು ಏರಬಹುದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ, ಮೂತ್ರ ತಡೆದು ಕೂತಿದ್ದರೂ ಹಾಗೆಯೇ. ಆ ಸುಳ್ಳು ಅಂಕಿ ನೋಡಿ ಮಾತ್ರೆ ಏರಿಸಿದರೆ ತಲೆಸುತ್ತು ಎಂದು ಮತ್ತೊಂದು ಭೇಟಿ! ನಮ್ಮಲ್ಲಿ ನರ್ಸ್ ಮಾಡುವ ಕ್ರಮ ಇದು: ಐದು ನಿಮಿಷ ಸುಮ್ಮನೆ ಕೂರಿಸುವುದು, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ ಎರಡನ್ನೂ ಬರೆಯುವುದು.

ಶುಗರ್ ಇರುವವರು ಚಪ್ಪಲಿ, ಕಾಲುಚೀಲ ಬಿಚ್ಚಿಯೇ ಒಳಗೆ ಬರುತ್ತಾರೆ. ಬೂಟಿನ ಲೇಸು ಬಿಚ್ಚುವಷ್ಟರಲ್ಲಿ ಹೋಗುವ ಎರಡು ನಿಮಿಷಕ್ಕೆ ಹೆದರಿಯೇ ಪಾದ ನೋಡುವುದು ತಪ್ಪಿಹೋಗುತ್ತದೆ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಪಾದದ ಸ್ಪರ್ಶ ಪರೀಕ್ಷೆಯನ್ನೂ ನರ್ಸೇ ಮುಗಿಸಿರುತ್ತಾರೆ. ಎಳೆ ಬಾಗುವವರೆಗೆ ಒತ್ತಬೇಕು, ರೋಗಿ ಕಣ್ಣು ಮುಚ್ಚಿರಬೇಕು, ದಡ್ಡುಗಟ್ಟಿದ ಚರ್ಮದ ಮೇಲೆ ಇಡಬಾರದು.

ನರ್ಸ್ ಕೇಳುವ ಪ್ರಶ್ನೆಯ ಮಾತೂ ಮುಖ್ಯ. "ಬೇರೇನೂ ಇಲ್ಲವಲ್ಲ?" ಎಂದರೆ ಎಲ್ಲರೂ "ಇಲ್ಲ" ಅನ್ನುತ್ತಾರೆ, ಎದೆನೋವಿನ ಸುದ್ದಿ ಬಾಗಿಲ ಹತ್ತಿರ ಹೋದಾಗ ಹೊರಬೀಳುತ್ತದೆ. "ಮತ್ತೇನು ತೊಂದರೆ ಇದೆ?" ಎಂದು ಮೊದಲೇ ಕೇಳಿ ಚೀಟಿಯಲ್ಲಿ ಬರೆದಿದ್ದರೆ ಯಾವುದು ಇವತ್ತು, ಯಾವುದು ಮುಂದಿನ ಸಲ ಎಂದು ನಿರ್ಧರಿಸಬಹುದು.

ಯಾವಾಗ ನನ್ನನ್ನು ಕೂಡಲೇ ಕರೆಯಬೇಕು ಎಂಬುದು ಗೋಡೆಯ ಮೇಲೆ ಅಂಕಿಯಲ್ಲೇ ಇದೆ: ಬಿಪಿ 180/120 ದಾಟಿದರೆ, ಶುಗರ್ 70ಕ್ಕಿಂತ ಕೆಳಗಿದ್ದರೆ, ಪಾದದಲ್ಲಿ ಗಾಯವಿದ್ದರೆ. "ಜಾಸ್ತಿ ಇದ್ದರೆ ಹೇಳಿ" ಎಂದಷ್ಟೇ ಬರೆದರೆ ಒಬ್ಬರು ಪ್ರತಿಯೊಂದಕ್ಕೂ ಬಾಗಿಲು ತಟ್ಟುತ್ತಾರೆ, ಇನ್ನೊಬ್ಬರು ಯಾವುದಕ್ಕೂ ತಟ್ಟುವುದಿಲ್ಲ.

ಇಷ್ಟಾದ ಮೇಲೆ ನನಗೆ ಉಳಿಯುವುದು ತೀರ್ಮಾನದ ಕೆಲಸ. ತುರ್ತಿಲ್ಲದಿದ್ದರೆ ಒಂದು ಭೇಟಿಗೆ ಒಂದೇ ಔಷಧ ಬದಲಾವಣೆ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದೇ ತಿಳಿಯದು. ಎನಾಲಾಪ್ರಿಲ್‌ನಂಥ ಬಿಪಿ ಮಾತ್ರೆ ಶುರು ಮಾಡಿದರೆ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡುವ ದಿನಾಂಕವನ್ನು ರೋಗಿ ಏಳುವ ಮೊದಲೇ ಪಟ್ಟಿಗೆ ಹಾಕುತ್ತೇವೆ. ಎಲ್ಲ ಮಾತ್ರೆಗಳೂ ಒಂದೇ ದಿನ ಮುಗಿಯುವಂತೆ ಬರೆದುಕೊಟ್ಟರೆ ನಡುವೆ ಬರುವ "ಮಾತ್ರೆ ಖಾಲಿ" ಫೋನುಗಳು ನಿಲ್ಲುತ್ತವೆ. ತಂಬಾಕಿನ ಪ್ರಶ್ನೆ, ಬಾಕಿ ಲಸಿಕೆ ಇಂಥವನ್ನು ಜ್ವರಕ್ಕೆ ಬಂದ ದಿನವೂ ಒಂದೊಂದಾಗಿ ಮುಗಿಸಬಹುದು.

ವಾರಕ್ಕೊಮ್ಮೆ ಪಟ್ಟಿಯಲ್ಲಿ ಆರು ತಿಂಗಳಿಂದ ಸುಳಿಯದವರನ್ನು ಹುಡುಕಿ ಫೋನ್ ಮಾಡಿಸುತ್ತೇನೆ. ಅದಕ್ಕೆ ಮೊದಲು ಮುಂದಿನ ವಾರದಲ್ಲಿ ನಾಲ್ಕೈದು ಭೇಟಿಗಳನ್ನು ಖಾಲಿ ಇಟ್ಟಿರಬೇಕು. ಕರೆದು, ತಿಂಗಳು ಬಿಟ್ಟು ಬನ್ನಿ ಎಂದರೆ ಅವರು ಬರುವುದಿಲ್ಲ.