ಸೇನೆ ಯಾವಾಗ ಹೊರಡಬೇಕು? ಮಕ್ಕಳನ್ನು ಚರ್ಚೆಗೆ ತಯಾರು ಮಾಡಿದ ನನ್ನ ಅನುಭವ

ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಚರ್ಚಾ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಕೆಲಸವೂ ನನ್ನದೇ. 2021ರ ಕೊನೆಗೆ ಬಂದ ವಿಷಯ: ಯುದ್ಧ ಮುಗಿದ ಕೂಡಲೇ ವಿದೇಶಿ ಸೇನೆ ಆ ದೇಶ ಬಿಡಬೇಕು. ಕಾಬೂಲ್ ತಾಲಿಬಾನ್ ಕೈಗೆ ಬಿದ್ದು ಕೆಲವೇ ತಿಂಗಳಾಗಿತ್ತು, ವಿಮಾನಕ್ಕೆ ಜೋತುಬಿದ್ದ ಜನರನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದರು, ಹಾಗಾಗಿ ಪರದವರೂ ವಿರೋಧದವರೂ ಅಫ್ಘಾನಿಸ್ತಾನ ಒಂದನ್ನೇ ಹಿಡಿದು ಕೂತರು. ಅಮೆರಿಕದ ಸೇನೆ ಇಪ್ಪತ್ತು ವರ್ಷ ಇದ್ದು ಏನು ಬಂತು ಅಂತ ಒಬ್ಬ. ಇನ್ನೆರಡು ವರ್ಷ ಇದ್ದಿದ್ದರೆ ಸರಿಹೋಗುತ್ತಿತ್ತು ಅಂತ ಇನ್ನೊಬ್ಬಳು. ಒಂದು ವಾರ ಸುಮ್ನೆ ಹಗ್ಗಜಗ್ಗಾಟ.

ಎಂಟನೇ ದಿನ ಬೋರ್ಡ್ ಮೇಲೆ 1799 ಅಂತ ಬರೆದೆ. ಟಿಪ್ಪು ಸತ್ತ ವರ್ಷ ಅಂದರು. ಯುದ್ಧ ಮುಗಿಯಿತಲ್ಲ, ಕಂಪನಿ ಸೇನೆ ನಮ್ಮ ಮೈಸೂರು ಬಿಟ್ಟು ಯಾವಾಗ ಹೋಯಿತು ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ಆ ಸೇನೆಯ ಖರ್ಚಿಗೆ ಅಂತ ಮೈಸೂರು ವರ್ಷಕ್ಕೆ 7 ಲಕ್ಷ ವರಾಹ ಕೊಡಬೇಕಿತ್ತು. 1809ರಲ್ಲಿ ಬೆಂಗಳೂರು ದಂಡು ಬಂತು, 1831ರಲ್ಲಿ ಆಡಳಿತವನ್ನೇ ತೆಗೆದುಕೊಂಡರು, 1881ರಲ್ಲಿ ಒಡೆಯರಿಗೆ ರಾಜ್ಯ ವಾಪಸ್ ಕೊಟ್ಟರೂ ದಂಡು ಮಾತ್ರ 1947ರವರೆಗೆ ಅಲ್ಲೇ ಇತ್ತು. ದಾವಣಗೆರೆ, ಚಿತ್ರದುರ್ಗ ಎಲ್ಲಾ ಆ ಮೈಸೂರಿನೊಳಗೇ ಇದ್ದ ಊರುಗಳು, ಅಲ್ವಾ? ಅಲ್ಲಿಂದ ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆಯಾದವು. ಯಾರು ಕರೆದರು, ಖರ್ಚು ಯಾರದು, ಹೊರಡಿ ಅಂತ ಹೇಳುವ ಹಕ್ಕು ಯಾರಿಗಿದೆ?

ಈ ಪ್ರಶ್ನೆಗಳನ್ನಿಟ್ಟುಕೊಂಡು ಒಂದೊಂದೇ ದೇಶ ನೋಡಿದೆವು. ಬಾಂಗ್ಲಾದೇಶದ್ದು ಎಲ್ಲರಿಗೂ ಹಿಡಿಸಿತು. 1971ರ ಡಿಸೆಂಬರ್ 16ಕ್ಕೆ ಪಾಕಿಸ್ತಾನದ ಸೇನೆ ಶರಣಾಯಿತು, 1972ರ ಮಾರ್ಚ್ 12ಕ್ಕೆ ಢಾಕಾದಲ್ಲಿ ನಮ್ಮವರ ಬೀಳ್ಕೊಡುಗೆ ಕವಾಯತು. ಬರೀ 87 ದಿನ. ಜೈಲಿಂದ ಬಿಡುಗಡೆಯಾಗಿ ಬಂದ ಬಾಂಗ್ಲಾ ನಾಯಕ ಮುಜೀಬುರ್ ರೆಹಮಾನ್ ಅವರ ಮಾತನ್ನು ಜನ ಕೇಳುತ್ತಿದ್ದರು, ಅದಕ್ಕೇ ಅಷ್ಟು ಬೇಗ ಆಯಿತು ಅಂತ ನನ್ನ ಅಭಿಪ್ರಾಯ. ಅಂಥ ಮನುಷ್ಯ ಎಲ್ಲ ಕಡೆ ಸಿಗುವುದಿಲ್ಲ.

ಆಮೇಲೆ ಮತ್ತೆ ಅಫ್ಘಾನಿಸ್ತಾನಕ್ಕೇ ಬಂದೆವು, ಆದರೆ ಹಳೆಯದಕ್ಕೆ. ಸೋವಿಯತ್ ಸೇನೆ ಹೊರಟದ್ದು 1989ರ ಫೆಬ್ರವರಿ 15ಕ್ಕೆ. ಅವರ ಬೆಂಬಲದಲ್ಲಿದ್ದ ನಜೀಬುಲ್ಲಾ ಸರ್ಕಾರ ತಿಂಗಳೂ ನಿಲ್ಲಲ್ಲ ಅಂತ ನಮ್ಮ ಹುಡುಗರು ಊಹಿಸಿದರು. ಅದು ಮೂರು ವರ್ಷಕ್ಕಿಂತ ಜಾಸ್ತಿ ನಿಂತಿತು. ಬಿದ್ದದ್ದು 1992ರ ಏಪ್ರಿಲ್‌ನಲ್ಲಿ, ಸೋವಿಯತ್ ಒಕ್ಕೂಟವೇ ಮುರಿದು ದುಡ್ಡು, ಇಂಧನ, ಮದ್ದುಗುಂಡು ನಿಂತ ಮೇಲೆ. 2021ರಲ್ಲಿ ಸೈನಿಕರ ಜೊತೆಗೇ ವಿಮಾನ ರಿಪೇರಿ ಮಾಡುವವರೂ ಹೊರಟಿದ್ದರು, ಕೊನೆಯ ಅಮೆರಿಕನ್ ವಿಮಾನ ಏಳುವ 15 ದಿನ ಮೊದಲೇ ಕಾಬೂಲ್ ಕೈಬಿಟ್ಟಿತ್ತು. ಸೈನಿಕ ಹೋಗುವುದೂ ಬೆಂಬಲ ಹೋಗುವುದೂ ಬೇರೆ ಬೇರೆ ವಿಷಯ ಅಂತ ಇಲ್ಲಿ ನನಗೂ ಗಟ್ಟಿಯಾಗಿ ಅನ್ನಿಸಿತು. ತಾರೀಖನ್ನು ಆ ನೆಲದವರು ಹೇಳಲಿ, ಆದರೆ ಅವರ ಸೈನಿಕನ ಸಂಬಳ ಅದೇ ದಿನ ನಿಲ್ಲಬಾರದು. ಇದನ್ನು ಎರಡೂ ಕಡೆಯವರಿಗೆ ಬರೆಸಿದೆ. ಸ್ಪರ್ಧೆಗೆ ಎರಡು ದಿನ ಇರುವಾಗ ಪರದವರನ್ನು ವಿರೋಧಕ್ಕೆ, ವಿರೋಧದವರನ್ನು ಪರಕ್ಕೆ ನಿಲ್ಲಿಸಿ ಮಾತಾಡಿಸಿದೆ, ಇದನ್ನು ಈಗಲೂ ಬಿಟ್ಟಿಲ್ಲ.

ಶ್ರೀಲಂಕಾದ ಪಾಠ ಮಾತ್ರ ನಾನು ಮಾಡಲಿಲ್ಲ. ಹೊಳಲ್ಕೆರೆ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ಭಾರತದ ಶಾಂತಿಪಾಲನಾ ಪಡೆಯಲ್ಲಿ ಜಾಫ್ನಾದಲ್ಲಿದ್ದವರು, ಅವರನ್ನು ಕರೆಸಿದೆ. 1987ರ ಜುಲೈ 29ರ ಭಾರತ-ಶ್ರೀಲಂಕಾ ಒಪ್ಪಂದ, 1990ರ ಮಾರ್ಚ್ 24ಕ್ಕೆ ಕೊನೆಯ ತುಕಡಿ ವಾಪಸ್, ಸುಮಾರು 1,200 ಸೈನಿಕರ ಸಾವು, ಇಷ್ಟು ಮಕ್ಕಳಿಗೆ ಗೊತ್ತಿತ್ತು. ಅವರು ತಾರೀಖಿನ ಸುದ್ದಿ ಎತ್ತಲಿಲ್ಲ.

"ಹೋದಾಗ ಹಾರ ಹಾಕಿದ್ರು ನೋಡವ್ವಾ, ಆಮೇಲೆ ಅದೇ ಬೀದೀಲಿ ನಮ್ಮನ್ನ ಕಂಡ್ರೆ ಬಾಗ್ಲು ಹಾಕ್ಕೊಳ್ಳೋರು" ಅಂದರು.

ಪರವಾಗಿ ಮಾತಾಡಬೇಕಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ಹಂಗಾದ್ರೆ ನೀವು ಯಾವಾಗ ವಾಪಸ್ ಬರಬೇಕಿತ್ತು ಅಜ್ಜಾರೆ?"

ಅವರು ತುಂಬಾ ಹೊತ್ತು ಯೋಚಿಸಿದರು. "ಆ ಅಕ್ಟೋಬರಿಗೆ ಮೊದ್ಲೇ" ಅಂದರು. ಅಲ್ಲಿನ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇ ಜೊತೆ ಲಡಾಯಿ ಶುರುವಾದದ್ದು 1987ರ ಅಕ್ಟೋಬರ್‌ನಲ್ಲಿ.

ಆ ರಾತ್ರಿ ಅವಳು ತನ್ನ ಭಾಷಣದ ಮೊದಲ ಪುಟ ಹರಿದು ಹೊಸದಾಗಿ ಬರೆದುಕೊಂಡು ಬಂದಳು.